ಹಿಮದ ಮೇಲಿನ ಗಾಲಿಗುರುತು: ಆಮಿಶ್ ಕೃಷಿನಾಡಿನ ಚಳಿಗಾಲದ ಛಾಯಾಚಿತ್ರಗಳನ್ನು ಕುರಿತು

ತನ್ನ ಚಿತ್ರ ತೆಗೆಸಿಕೊಳ್ಳಲು ಒಪ್ಪದ ಸಮುದಾಯವೊಂದರ ಚಿತ್ರಗಳು ಕ್ಯಾಲೆಂಡರು, ಶುಭಾಶಯ ಪತ್ರ, ಪ್ರವಾಸಿ ಕೈಪಿಡಿ ಹಾಗೂ ಕಲಾಸಂಪುಟಗಳಲ್ಲಿ ಧಾರಾಳವಾಗಿ ದೊರೆಯುತ್ತವೆ ಎಂಬುದು ಛಾಯಾಗ್ರಹಣದ ಇತಿಹಾಸದ ವಿಚಿತ್ರ ಸಂಗತಿಗಳಲ್ಲಿ ಒಂದು. ಅಮೆರಿಕದ ಪೆನ್ಸಿಲ್ವೇನಿಯ, ಓಹಾಯೊ, ಇಂಡಿಯಾನ ಮೊದಲಾದ ರಾಜ್ಯಗಳಲ್ಲಿ ನೆಲೆಸಿರುವ ಆಮಿಶ್ ಜನರ ವಿಷಯದಲ್ಲಿ ಹೀಗಾಗಿದೆ. ಇಂತಹ ಚಿತ್ರಗಳ ಪೈಕಿ ಚಳಿಗಾಲದ ದೃಶ್ಯಗಳಿಗೆ ವಿಶೇಷವಾದ ಸ್ಥಾನವಿದೆ. ಚೌಕಟ್ಟಿನ ಮುಕ್ಕಾಲು ಪಾಲು ಬಿಳಿಯ ಹಿಮ. ಅದನ್ನು ಸೀಳುವ ಒಂದು ಬೇಲಿಯ ಗೆರೆ. ದೂರದಲ್ಲಿ ದೊಡ್ಡ ಕೊಟ್ಟಿಗೆ, ಅದಕ್ಕೆ ಒತ್ತಿಕೊಂಡಂತೆ ಮೇವು ತುಂಬುವ ಎತ್ತರದ ಸೈಲೊ. ರಸ್ತೆಯ ಮೇಲೆ ಒಂಟಿ ಕುದುರೆಗಾಡಿ. ಗಾಡಿಯೊಳಗೆ ಕುಳಿತವನ ಮುಖ ಕಾಣುವುದಿಲ್ಲ. ಈ ವಿನ್ಯಾಸವು ಎಷ್ಟು ರೂಢವಾಗಿದೆಯೆಂದರೆ, ಅದನ್ನು ನೋಡಿದವರು ಯಾವ ಊರು, ಯಾವ ವರ್ಷ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ.

ಮುಖವನ್ನು ತೋರಿಸದೆ ಇರುವುದರಿಂದ ಇಂತಹ ಚಿತ್ರವು ಆಮಿಶರ ನಿಷೇಧವನ್ನು ಗೌರವಿಸಿದೆ ಎಂಬುದು ಛಾಯಾಗ್ರಾಹಕರು ಸಾಮಾನ್ಯವಾಗಿ ಕೊಡುವ ಸಮಾಧಾನ. ಮೇಲ್ನೋಟಕ್ಕೆ ಇದು ಒಪ್ಪತಕ್ಕ ಮಾತೇ. ಆದರೆ ಆ ನಿಷೇಧವು ನಿಜವಾಗಿ ಯಾವುದರ ವಿರುದ್ಧ ಹುಟ್ಟಿದ್ದು, ಹಿಮವು ಚಿತ್ರದಲ್ಲಿ ಮುಖದ ಜೊತೆಗೆ ಮತ್ತೇನನ್ನು ಮರೆಮಾಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಎತ್ತಿಕೊಂಡರೆ ಈ ಸಮಾಧಾನ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಮೊದಲಿಗೆ ಈ ಜನರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಗಮನಿಸಬೇಕು. ಹದಿನಾರನೆಯ ಶತಮಾನದಲ್ಲಿ, 1525ರ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆರಂಭವಾದ ಅನಾಬ್ಯಾಪ್ಟಿಸ್ಟ್ ಪಂಥದಿಂದ ಇವರು ಬಂದವರು. ತಿಳಿವಳಿಕೆ ಬಂದ ವಯಸ್ಕರು ಮಾತ್ರ ಸ್ವಇಚ್ಛೆಯಿಂದ ದೀಕ್ಷಾಸ್ನಾನ ಪಡೆಯಬೇಕೆಂಬುದು ಆ ಪಂಥದ ಮೂಲತತ್ತ್ವ. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಹಿರಿಯನ ನೇತೃತ್ವದಲ್ಲಿ ಪ್ರತ್ಯೇಕವಾದ ಗುಂಪಿಗೆ ಅವನ ಹೆಸರಿನಿಂದಲೇ ಆಮಿಶ್ ಎಂಬ ಹೆಸರು ಬಂತು. ಹದಿನೆಂಟನೆಯ ಶತಮಾನದ ಮೊದಲರ್ಧದಿಂದ ಇವರು ಪೆನ್ಸಿಲ್ವೇನಿಯಕ್ಕೆ ವಲಸೆ ಬಂದರು. 2024ರ ಅಂದಾಜಿನ ಪ್ರಕಾರ ಇವರ ಸಂಖ್ಯೆ ಸುಮಾರು 4 ಲಕ್ಷ. ಇಪ್ಪತ್ತೈದರಿಂದ ನಲವತ್ತು ಕುಟುಂಬಗಳು ಸೇರಿ ಒಂದು ಸಭಾವಲಯವಾಗುತ್ತದೆ. ಪ್ರತ್ಯೇಕ ದೇವಾಲಯವಿಲ್ಲ, ಎರಡು ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಆರಾಧನೆ ನಡೆಯುತ್ತದೆ. ಏನನ್ನು ಬಳಸಬಹುದು, ಏನನ್ನು ಬಳಸಬಾರದು ಎಂಬುದನ್ನು 'ಓರ್ಡ್ನುಂಗ್' ಎಂದು ಕರೆಯುವ ಕಟ್ಟಳೆಯು ನಿರ್ಧರಿಸುತ್ತದೆ. ಈ ಕಟ್ಟಳೆ ಎಲ್ಲ ವಲಯಗಳಲ್ಲಿಯೂ ಒಂದೇ ಅಲ್ಲ ಎಂಬುದನ್ನು ಹೊರಗಿನವರು ಮರೆಯುತ್ತಾರೆ.

ಛಾಯಾಚಿತ್ರದ ನಿಷೇಧಕ್ಕೆ ಎರಡು ಆಧಾರಗಳನ್ನು ಹೇಳಲಾಗುತ್ತದೆ. ಪ್ರತಿಮೆಗಳನ್ನು ನಿರ್ಮಿಸಬಾರದೆಂಬ ಹಳೆಯ ಒಡಂಬಡಿಕೆಯ ಆಜ್ಞೆ ಒಂದು. ಇದು ಎಲ್ಲರಿಗೂ ತಿಳಿದದ್ದು. ಎರಡನೆಯದು ಹೆಚ್ಚು ಮುಖ್ಯವಾದದ್ದು: ಕ್ಯಾಮೆರಾದ ಎದುರು ನಿಲ್ಲುವವನು ತನ್ನನ್ನು ಸಮುದಾಯದಿಂದ ಬೇರ್ಪಡಿಸಿ ತೋರಿಸಿಕೊಳ್ಳುತ್ತಾನೆ, ಅದು ಅಹಂಕಾರ. ಇದಕ್ಕೆ ವಿರುದ್ಧವಾದ ಗುಣವನ್ನು ಅವರು 'ಗೆಲಾಸನ್‌ಹೈಟ್' ಎಂದು ಕರೆಯುತ್ತಾರೆ. ತನ್ನ ಇಚ್ಛೆಯನ್ನು ದೇವರಿಗೂ ಸಮುದಾಯಕ್ಕೂ ಬಿಟ್ಟುಕೊಡುವುದು ಎಂದು ಅದನ್ನು ವಿವರಿಸಬಹುದು. ಆದ್ದರಿಂದಲೇ ಆಚರಣೆಯಲ್ಲಿ ನಿಷೇಧವು ನಾವು ಊಹಿಸುವಷ್ಟು ಸರಳವಾಗಿಲ್ಲ. ಭಂಗಿ ಕೊಟ್ಟು ನಿಲ್ಲುವುದನ್ನು ಒಪ್ಪದವರು ಕೆಲಸದಲ್ಲಿ ತೊಡಗಿದ್ದಾಗ ದೂರದಿಂದ ತೆಗೆದ ಚಿತ್ರಕ್ಕೆ ಅಷ್ಟಾಗಿ ಆಕ್ಷೇಪಿಸದಿರಬಹುದು. ಇನ್ನೂ ದೀಕ್ಷಾಸ್ನಾನವಾಗದ ಮಕ್ಕಳ ವಿಷಯದಲ್ಲಿ ಕೆಲವು ಕಡೆ ಸಡಿಲಿಕೆಯಿದೆ. ಕಟ್ಟುನಿಟ್ಟಿನ ಪಂಗಡಗಳಲ್ಲಿ ಯಾವ ಸಡಿಲಿಕೆಯೂ ಇಲ್ಲ. ಒಟ್ಟಿನಲ್ಲಿ ನಿಷೇಧದ ತಿರುಳು ಮುಖದಲ್ಲಿಲ್ಲ, ಪ್ರತ್ಯೇಕಿಸುವಿಕೆಯಲ್ಲಿದೆ. ಮುಂದಿನ ಚರ್ಚೆಗೆ ಈ ಅಂಶವೇ ಆಧಾರ.

ಇಲ್ಲಿ ಕನ್ನಡದ ಓದುಗರಿಗಾಗಿ ಒಂದು ಮಾತು. ನಮ್ಮ ಭಾಷೆಯಲ್ಲಿ 'ಮಂಜು' ಎಂಬ ಒಂದೇ ಪದವು ಬೆಳಗಿನ ಇಬ್ಬನಿಯನ್ನೂ ಕವಿಯುವ ಕಾವಳವನ್ನೂ ಉತ್ತರದ ಪರ್ವತಗಳ ಹಿಮವನ್ನೂ ಸೂಚಿಸುತ್ತದೆ. ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡವರಿಗೆ ಅದೊಂದು ಶಾಶ್ವತವಾದ ಬಿಳಿಯ ಹಾಸು. ವಾಸ್ತವವಾಗಿ ಆಗ್ನೇಯ ಪೆನ್ಸಿಲ್ವೇನಿಯದ ಲ್ಯಾಂಕಸ್ಟರ್ ಕೌಂಟಿಯಲ್ಲಿ ಹಿಮವು ಚಳಿಗಾಲದ ಉದ್ದಕ್ಕೂ ನೆಲದ ಮೇಲೆ ನಿಲ್ಲುವುದಿಲ್ಲ. ಬೀಳುತ್ತದೆ, ಕೆಲವು ದಿನ ಇರುತ್ತದೆ, ಕರಗಿ ಕೆಸರಾಗುತ್ತದೆ, ಕೆಸರು ಮತ್ತೆ ಹೆಪ್ಪುಗಟ್ಟುತ್ತದೆ. ಅಲ್ಲಿನ ಚಳಿಗಾಲದ ಬಹುಪಾಲು ದಿನಗಳ ಬಣ್ಣ ಕಂದು ಮತ್ತು ಬೂದು. ಫೆಬ್ರವರಿಯ ಕೊನೆಯಿಂದ ವಸಂತದವರೆಗೆ ಸ್ವಯಂಸೇವಕ ಅಗ್ನಿಶಾಮಕ ದಳಗಳ ಸಹಾಯಾರ್ಥವಾಗಿ ನಡೆಯುವ ಹರಾಜುಗಳಿಗೆ 'ಮಡ್ ಸೇಲ್' ಎಂಬ ಹೆಸರು ಬಂದಿರುವುದೇ ಕಾಲಿಗೆ ಮೆತ್ತುವ ಈ ಕೆಸರಿನಿಂದ. ನೂರಾರು ಆಮಿಶರು ಹೊರಗಿನವರೊಂದಿಗೆ ಬೆರೆತು ಕುದುರೆ, ಹಳೆಯ ಉಪಕರಣ, ಕೌದಿಗಳಿಗೆ ಹರಾಜು ಕೂಗುವ ಈ ಸಂದರ್ಭವು ಆ ಋತುವಿನ ಅತ್ಯಂತ ಜೀವಂತ ದೃಶ್ಯ. ಆದರೂ ಕ್ಯಾಲೆಂಡರಿನ ಫೆಬ್ರವರಿ ಪುಟಕ್ಕೆ ಕೆಸರು ಒಗ್ಗುವುದಿಲ್ಲ, ಹಿಮವೇ ಬೇಕು. ಅಂದಮೇಲೆ ನಾವು ನೋಡುವ ಆಮಿಶ್ ಚಳಿಗಾಲವು ಆಯ್ದ ಕೆಲವೇ ದಿನಗಳ ಕೆಲವೇ ಗಂಟೆಗಳದ್ದು.

ತಂತ್ರದ ದೃಷ್ಟಿಯಿಂದಲೂ ಹಿಮದ ಚಿತ್ರಣಕ್ಕೆ ಅದರದೇ ಆದ ತೊಡಕುಗಳಿವೆ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನೆದುರಿನ ದೃಶ್ಯವನ್ನು ಸರಾಸರಿಯಲ್ಲಿ ನಡುಬೂದು ಎಂದೇ ಎಣಿಸುವಂತೆ ರೂಪುಗೊಂಡಿದೆ. ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಮರಳಿಸುವ ಬೂದುಬಣ್ಣವನ್ನು ಇದಕ್ಕೆ ಪ್ರಮಾಣವೆಂದು ಹೇಳುವುದು ರೂಢಿ. ಹಿಮವಾದರೋ ಅದಕ್ಕಿಂತ ಹಲವು ಪಟ್ಟು ಬೆಳಕನ್ನು ಮರಳಿಸುತ್ತದೆ. ಮಾಪಕದ ಮಾತನ್ನು ನಂಬಿದರೆ ಹಿಮ ಕೊಳೆಬಣ್ಣಕ್ಕೆ ಇಳಿಯುತ್ತದೆ; ಆದ್ದರಿಂದ ಅನುಭವಿಗಳು ಮಾಪಕ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್‌ಗಳಷ್ಟು ಹೆಚ್ಚಿನ ಬೆಳಕನ್ನು ಒಳಗೆ ಬಿಡುತ್ತಾರೆ. ಇಷ್ಟು ಯಾವ ಕೈಪಿಡಿಯಲ್ಲಿಯಾದರೂ ಸಿಗುತ್ತದೆ. ತೊಡಕಿರುವುದು ಮುಂದೆ. ಆಮಿಶರ ಚಳಿಗಾಲದ ಮೇಲಂಗಿ, ಟೋಪಿ, ಹೆಂಗಸರ ಶಾಲುಗಳು ಬಹುಮಟ್ಟಿಗೆ ಕಪ್ಪು. ಬಿಸಿಲಿನಲ್ಲಿ ಹೊಳೆಯುವ ಹಿಮದ ಕಣಕಣವನ್ನು ಉಳಿಸಿಕೊಳ್ಳಹೊರಟರೆ ಕಪ್ಪು ಬಟ್ಟೆಯ ಮನುಷ್ಯನು ವಿವರಗಳಿಲ್ಲದ ಒಂದು ಕರಿಯ ಆಕಾರವಾಗುತ್ತಾನೆ. ಟೋಪಿಯ ಅಂಚಿನ ನೆರಳಿನಲ್ಲಿರುವ ಮುಖವನ್ನು ಹಿಡಿಯಹೊರಟರೆ ಹಿಮವು ಸುಟ್ಟು ಬರಿಯ ಕಾಗದದ ಬಿಳುಪಾಗುತ್ತದೆ. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ವಲಯ ಪದ್ಧತಿಯು ಇಂತಹ ಬಿಕ್ಕಟ್ಟನ್ನು ನೆಗೆಟಿವ್ ಸಂಸ್ಕರಣದ ಮೂಲಕ ತಕ್ಕಮಟ್ಟಿಗೆ ಪರಿಹರಿಸಿತು. ಆದರೆ ಸಾಮಾನ್ಯ ಛಾಯಾಗ್ರಾಹಕನಿಗೆ, ಅದರಲ್ಲಿಯೂ ಬಣ್ಣದ ಪಾರದರ್ಶಿಕೆಯಲ್ಲಿ ಕೆಲಸ ಮಾಡುವವನಿಗೆ, ಆಯ್ಕೆ ಒಂದೇ ಇತ್ತು: ಹಿಮವನ್ನು ಉಳಿಸಿ ಮನುಷ್ಯನನ್ನು ನೆರಳಾಗಿಸುವುದು.

ಹೀಗೆ ಯಂತ್ರದ ಮಿತಿಯೂ ಸಮುದಾಯದ ನಿಷೇಧವೂ ಆಕಸ್ಮಿಕವಾಗಿ ಒಂದೇ ದಿಕ್ಕಿನಲ್ಲಿ ನಡೆದವು. ಮುಖವಿಲ್ಲದ ಚಿತ್ರವು ಸೌಜನ್ಯದಿಂದ ಹುಟ್ಟಿದಷ್ಟೇ ರಾಸಾಯನಿಕ ಅನಿವಾರ್ಯತೆಯಿಂದಲೂ ಹುಟ್ಟಿತು ಎಂದರೆ ತಪ್ಪಾಗಲಾರದು. ಇಂದಿನ ಡಿಜಿಟಲ್ ಸಂವೇದಕಗಳು ಹಿಮವನ್ನೂ ಟೋಪಿಯ ನೆರಳನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಲ್ಲವು. ಆ ಕಾರಣಕ್ಕೆ ಈಗ ಕರಿಯ ಆಕಾರವು ಪೂರ್ತಿಯಾಗಿ ಛಾಯಾಗ್ರಾಹಕನ ಆಯ್ಕೆ. ಆಯ್ಕೆಯಾದದ್ದು ವಿಮರ್ಶೆಗೆ ಉತ್ತರ ಹೇಳಬೇಕಾಗುತ್ತದೆ.

ಗಾಡಿಯ ಬಣ್ಣದ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ಲ್ಯಾಂಕಸ್ಟರಿನ ಆಮಿಶರ ಗಾಡಿಗಳ ಮೇಲ್ಭಾಗ ಬೂದು; ಓಹಾಯೊದ ಹೋಮ್ಸ್ ಕೌಂಟಿಯಲ್ಲಿ ಕಪ್ಪು. ಪೆನ್ಸಿಲ್ವೇನಿಯದ ನಡುಭಾಗದಲ್ಲಿರುವ, 'ಬಿಗ್ ವ್ಯಾಲಿ' ಎಂದು ಹೆಸರಾದ ಕಿಶಕೊಕ್ವಿಲಸ್ ಕಣಿವೆಯಲ್ಲಂತೂ ಬಿಳಿ, ಹಳದಿ, ಕಪ್ಪು ಮೇಲ್ಛಾವಣಿಗಳ ಮೂರು ಪಂಗಡಗಳು ಅಕ್ಕಪಕ್ಕದಲ್ಲಿಯೇ ಇವೆ. ಬಲ್ಲವರಿಗೆ ಛಾವಣಿಯ ಬಣ್ಣವೇ ಪಂಗಡದ ವಿಳಾಸ. ಹಿಮದ ನಡುವೆ ಕಪ್ಪು ಗಾಡಿ ಎದ್ದುಕಾಣುತ್ತದೆ, ಬೂದು ಮಂಕಾಗುತ್ತದೆ, ಬಿಳಿಯ ಗಾಡಿ ಹಿಮದಲ್ಲಿ ಕರಗಿಯೇ ಹೋಗುತ್ತದೆ. ಅತಿ ಕಟ್ಟುನಿಟ್ಟಿನವರೆಂದು ಹೆಸರಾದ 'ನೆಬ್ರಾಸ್ಕ' ಪಂಗಡದವರದೇ ಆ ಬಿಳಿಯ ಗಾಡಿ ಎಂಬುದು ಒಂದು ಸ್ವಾರಸ್ಯ.

ಆಮಿಶ್ ನಾಡಿನ ಛಾಯಾಚಿತ್ರಣವು ಆರಂಭದಿಂದಲೂ ಹೀಗೆಯೇ ಇತ್ತೆಂದು ಭಾವಿಸಬಾರದು. 1941ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಕೃಷಿ ಅರ್ಥಶಾಸ್ತ್ರ ವಿಭಾಗದ ಪರವಾಗಿ ಅರ್ವಿಂಗ್ ರುಸಿನೋವ್ ಲ್ಯಾಂಕಸ್ಟರ್ ಕೌಂಟಿಯಲ್ಲಿ ಚಿತ್ರಗಳನ್ನು ತೆಗೆದರು. ಅದೇ ವಿಭಾಗವು ಆರು ಗ್ರಾಮೀಣ ಸಮುದಾಯಗಳನ್ನು ಕುರಿತು ನಡೆಸಿದ ಅಧ್ಯಯನಮಾಲೆಯಲ್ಲಿ ವಾಲ್ಟರ್ ಕೋಲ್‌ಮೋರ್ಗನ್ ಬರೆದ ಆಮಿಶರ ಸಮೀಕ್ಷೆ 1942ರಲ್ಲಿ ಪ್ರಕಟವಾಯಿತು. ಆರ್ಥಿಕ ಮುಗ್ಗಟ್ಟಿನ ದಶಕದ ಬೆನ್ನಿಗೆ ನಡೆದ ಈ ಅಧ್ಯಯನದ ಪ್ರಶ್ನೆ ಸ್ಪಷ್ಟವಾಗಿತ್ತು: ಗ್ರಾಮೀಣ ಸಮುದಾಯವೊಂದು ಯಾವುದರಿಂದ ಗಟ್ಟಿಯಾಗಿ ನಿಲ್ಲುತ್ತದೆ? ಅಂತಹ ಪ್ರಶ್ನೆಯ ಜೊತೆಗೆ ಹೋದ ಕ್ಯಾಮೆರಾಕ್ಕೆ ಹೊಲ, ಕೊಟ್ಟಿಗೆ, ಉಪಕರಣ, ದುಡಿಮೆಗಳು ಬೇಕಾಗಿದ್ದವು, ಭಾವಸ್ಥಿತಿ ಬೇಕಾಗಿರಲಿಲ್ಲ. 1942ರಲ್ಲಿ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಪರವಾಗಿ ಇದೇ ಪ್ರದೇಶದಲ್ಲಿ ಕೆಲಸ ಮಾಡಿದ ಕಿರಿಯ ಜಾನ್ ಕೊಲಿಯರ್ ಮುಂದೆ 1967ರಲ್ಲಿ ದೃಶ್ಯ ಮಾನವಶಾಸ್ತ್ರವನ್ನು ಕುರಿತ ಗ್ರಂಥವನ್ನು ಬರೆದು, ಛಾಯಾಚಿತ್ರವನ್ನು ಸಂಶೋಧನಾ ವಿಧಾನವನ್ನಾಗಿ ಪ್ರತಿಪಾದಿಸಿದವರು. ಈ ಸರ್ಕಾರಿ ಚಿತ್ರಗಳು ಕಲೆಯ ದೃಷ್ಟಿಯಿಂದ ಏಕಪ್ರಕಾರವಾಗಿಲ್ಲ. ಕೆಲವು ತೀರ ಒಣ. ಆದರೆ ಅವುಗಳಲ್ಲಿ ಆಮಿಶನು ಒಂದು ಕಾಲದಲ್ಲಿ, ಒಂದು ಆರ್ಥಿಕ ಸ್ಥಿತಿಯಲ್ಲಿ ಇದ್ದಾನೆ.

ತಿರುವು ಬಂದದ್ದು ಪ್ರವಾಸೋದ್ಯಮದಿಂದ. 1955ರ ಜನವರಿಯಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 'ಪ್ಲೇನ್ ಅಂಡ್ ಫ್ಯಾನ್ಸಿ' ಎಂಬ ಸಂಗೀತ ನಾಟಕ ತೆರೆಕಂಡು ಆಮಿಶರನ್ನು ನಗರದ ಕುತೂಹಲದ ವಸ್ತುವಾಗಿಸಿತು. 1985ರಲ್ಲಿ ಬಿಡುಗಡೆಯಾದ ಪೀಟರ್ ವಿಯರ್ ನಿರ್ದೇಶನದ 'ವಿಟ್ನೆಸ್' ಚಲನಚಿತ್ರವನ್ನು ಲ್ಯಾಂಕಸ್ಟರ್ ಕೌಂಟಿಯಲ್ಲಿಯೇ ಚಿತ್ರೀಕರಿಸಲಾಯಿತು. ಆಮಿಶರಿಂದ ಅದಕ್ಕೆ ವಿರೋಧವೂ ಬಂತು. ಬೇಸಿಗೆಯ ಪ್ರವಾಸಿಗಳ ಗದ್ದಲದಿಂದ ತಪ್ಪಿಸಿಕೊಳ್ಳಬಯಸುವ 'ಗಂಭೀರ' ಛಾಯಾಗ್ರಾಹಕನು ಚಳಿಗಾಲವನ್ನು ಆರಿಸಿಕೊಳ್ಳುತ್ತಾನೆ. ಆಗ ಬಸ್ಸುಗಳಿಲ್ಲ, ಜನಜಂಗುಳಿಯಿಲ್ಲ, ಮರಗಳ ಎಲೆ ಉದುರಿ ಮನೆ ಕೊಟ್ಟಿಗೆಗಳು ರಸ್ತೆಯಿಂದಲೇ ಕಾಣುತ್ತವೆ. ಆದರೆ ಪ್ರವಾಸಿಯ ಕಣ್ಣಿನಿಂದ ಅವನು ನಿಜವಾಗಿ ತಪ್ಪಿಸಿಕೊಂಡನೆ?

ಹಿಮ ಏನನ್ನು ಮರೆಮಾಡುತ್ತದೆ ಎಂಬುದನ್ನು ನೋಡೋಣ. ಡಾಂಬರು ರಸ್ತೆ ಮುಚ್ಚಿಹೋಗುತ್ತದೆ. ಅಂಗಳದಲ್ಲಿನ ಪ್ಲಾಸ್ಟಿಕ್, ಗ್ಯಾಸಿನ ತೊಟ್ಟಿ, ಯಂತ್ರದ ಬಿಡಿಭಾಗಗಳು ಮುಚ್ಚಿಹೋಗುತ್ತವೆ. ಲ್ಯಾಂಕಸ್ಟರಿನ ಹೈನುಗಾರನ ಕೊಟ್ಟಿಗೆಯಲ್ಲಿ ಡೀಸೆಲ್ ಎಂಜಿನ್ನಿನಿಂದ ತಂಪಾಗುವ ಹಾಲಿನ ತೊಟ್ಟಿಯಿದೆ; ಸಾರ್ವಜನಿಕ ವಿದ್ಯುತ್ ಜಾಲದ ತಂತಿಗೆ ಮಾತ್ರ ಸಂಪರ್ಕವಿಲ್ಲ. ಒತ್ತಿದ ಗಾಳಿಯಿಂದಲೂ ಒತ್ತಿದ ಎಣ್ಣೆಯಿಂದಲೂ ನಡೆಯುವ ಯಂತ್ರಗಳಿವೆ. ಬ್ಯಾಟರಿಗಳಿವೆ, ಈಚೆಗೆ ಸೌರಫಲಕಗಳೂ ಬಂದಿವೆ. ಗಾಡಿಯ ಹಿಂಬದಿಗೆ ಕಿತ್ತಳೆ-ಕೆಂಪಿನ ತ್ರಿಕೋನ ಫಲಕವಿರುತ್ತದೆ. 1960ರ ದಶಕದ ಆರಂಭದಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಈ ಫಲಕವು ನಿಧಾನಗತಿಯ ವಾಹನದ ಸೂಚನೆ; ಅದರ ಕಣ್ಣುಕುಕ್ಕುವ ಬಣ್ಣಕ್ಕೆ ಒಪ್ಪದ ಸ್ವಾರ್ಟ್ಸೆಂಟ್ರೂಬರ್ ಪಂಗಡದವರು ಕೆಂಟಕಿಯಲ್ಲಿ ದಂಡ ಕಟ್ಟಲು ನಿರಾಕರಿಸಿ ಸೆರೆಮನೆಗೆ ಹೋದದ್ದುಂಟು; 2012ರಲ್ಲಿ ಅಲ್ಲಿನ ಕಾನೂನು ಬದಲಾಯಿತು. ಹಿಮದ ಚಿತ್ರದಲ್ಲಿ ಈ ತ್ರಿಕೋನವೇ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುವಂಥದು. ಅದನ್ನು ತಪ್ಪಿಸಬೇಕೆಂದರೆ ಗಾಡಿ ಎದುರು ಬರುವಾಗ ಇಲ್ಲವೆ ಅಡ್ಡಲಾಗಿ ಹೋಗುವಾಗ ಚಿತ್ರ ತೆಗೆಯಬೇಕು. ಸಾವು ನೋವಿನ ರಸ್ತೆ ಅಪಘಾತಗಳೂ ನ್ಯಾಯಾಲಯದ ವ್ಯಾಜ್ಯಗಳೂ ಅಡಗಿರುವ ಈ ಪುಟ್ಟ ಫಲಕವನ್ನು ಬಿಟ್ಟುಬಿಟ್ಟ ಚಿತ್ರ ಸುಂದರವಾಗಬಹುದು. ಆದರೆ ಅದು ಗಾಡಿಯನ್ನು ರಸ್ತೆಯಿಂದ ಎತ್ತಿ ಕಟ್ಟುಕಥೆಯೊಳಗೆ ಇರಿಸಿದಂತೆ.

ಇನ್ನೂ ಒಂದು ಅಂಶವಿದೆ. ಲ್ಯಾಂಕಸ್ಟರಿನ ಆಮಿಶ್ ಕುಟುಂಬಗಳಲ್ಲಿ ಬೇಸಾಯವನ್ನೇ ಮುಖ್ಯ ಜೀವನಾಧಾರವಾಗಿಸಿಕೊಂಡವರು ಇಂದು ಅರ್ಧಕ್ಕಿಂತ ಕಡಿಮೆ. ಜಮೀನಿನ ಬೆಲೆ ಏರಿದೆ, ಕುಟುಂಬಗಳು ದೊಡ್ಡವು, ನೆಲ ಸಾಲದು. ಮರಗೆಲಸ, ಕಟ್ಟಡ ನಿರ್ಮಾಣ, ಪೀಠೋಪಕರಣದ ಕಾರ್ಖಾನೆಗಳಲ್ಲಿ ಬಹುಮಂದಿ ತೊಡಗಿದ್ದಾರೆ. ಹಿಮಾವೃತವಾದ ಹೊಲ ಮತ್ತು ಕೊಟ್ಟಿಗೆಯನ್ನೇ ಆಮಿಶ್ ಬದುಕಿನ ಸಾರವೆಂದು ಮುಂದಿಡುವ ಚಿತ್ರವು ಆ ಸಮುದಾಯದೊಳಗಿನ ಒಂದು ಕಷ್ಟವನ್ನೇ, ಅಂದರೆ ನೆಲದ ಕೊರತೆಯನ್ನೇ, ಬಿಳಿಯ ವಿಸ್ತಾರವನ್ನಾಗಿ ತೋರಿಸುತ್ತದೆ.

ಒಂಟಿ ಗಾಡಿಯ ಚಿತ್ರದ ಬಗ್ಗೆ ಲೇಖಕನ ಮುಖ್ಯ ಆಕ್ಷೇಪ ಇದಕ್ಕೂ ಆಳವಾದದ್ದು. ನಿಷೇಧದ ತಿರುಳು ಪ್ರತ್ಯೇಕಿಸುವಿಕೆಯ ವಿರುದ್ಧವಾದದ್ದು ಎಂದು ಹಿಂದೆ ಹೇಳಿದೆ. ಒಬ್ಬನನ್ನು ಹಿಮದ ನಡುವೆ ಒಂಟಿಯಾಗಿ ನಿಲ್ಲಿಸಿ, ಟೆಲಿಫೋಟೊ ಮಸೂರದಿಂದ ಅವನ ಹಿಂದಿನ ಬೆಟ್ಟವನ್ನು ಹತ್ತಿರಕ್ಕೆ ಎಳೆದು, ಅವನನ್ನು ಇಡೀ ಸಮುದಾಯದ ಸಂಕೇತವನ್ನಾಗಿ ಮಾಡುವುದು ಪ್ರತ್ಯೇಕಿಸುವಿಕೆಯ ಪರಾಕಾಷ್ಠೆ. ಮುಖ ಕಾಣದಿರುವುದರಿಂದ ಅವನು ವ್ಯಕ್ತಿಯಾಗಿಯೂ ಉಳಿಯಲಿಲ್ಲ. ಒಂಟಿಯಾಗಿರುವುದರಿಂದ ಸಮುದಾಯದವನಾಗಿಯೂ ಉಳಿಯಲಿಲ್ಲ. ಆಮಿಶರ ಚಳಿಗಾಲವಂತೂ ಏಕಾಂತದ ಕಾಲವಲ್ಲ. ಸುಗ್ಗಿ ಮುಗಿದ ಮೇಲೆ, ಅಕ್ಟೋಬರಿನ ಕೊನೆಯಿಂದ ಡಿಸೆಂಬರಿನವರೆಗೆ, ಲ್ಯಾಂಕಸ್ಟರಿನಲ್ಲಿ ಮದುವೆಗಳು ಸಾಂಪ್ರದಾಯಿಕವಾಗಿ ಮಂಗಳವಾರ, ಗುರುವಾರಗಳಂದು ನಡೆದುಬಂದಿವೆ. ಒಂದೊಂದು ಮದುವೆಗೂ ನೂರಾರು ಮಂದಿ. ಹೆಪ್ಪುಗಟ್ಟಿದ ಕೊಳದ ಮೇಲೆ ಮಕ್ಕಳು ಯುವಕರು ಹಾಕಿ ಆಡುತ್ತಾರೆ. ಆರಾಧನೆಯ ಭಾನುವಾರ ಒಂದು ಮನೆಯ ಅಂಗಳದಲ್ಲಿ ಹತ್ತಾರು ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಂದೇ ಅಳತೆಯ, ಒಂದೇ ಬಣ್ಣದ ಆ ಗಾಡಿಗಳ ಸಾಲಿನಲ್ಲಿ ಯಾರ ಮುಖವೂ ಇಲ್ಲದೆ ಇಡೀ ಸಭಾವಲಯವೇ ಹಾಜರಿರುತ್ತದೆ.

ಇಲ್ಲಿ ಜಾರ್ಜ್ ಟೈಸ್ ಅವರ ಕೃತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 1938ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ 2025ರಲ್ಲಿ ನಿಧನರಾದ ಟೈಸ್, 1960ರ ದಶಕದಲ್ಲಿ ಲ್ಯಾಂಕಸ್ಟರಿಗೆ ಮತ್ತೆ ಮತ್ತೆ ಹೋಗಿ ತೆಗೆದ ಚಿತ್ರಗಳು 1970ರಲ್ಲಿ 'ಫೀಲ್ಡ್ಸ್ ಆಫ್ ಪೀಸ್' ಎಂಬ ಗ್ರಂಥವಾಗಿ, ಮಿಲನ್ ಬ್ರ್ಯಾಂಡ್ ಅವರ ಬರವಣಿಗೆಯೊಂದಿಗೆ ಪ್ರಕಟವಾದವು. ಕಪ್ಪುಬಿಳುಪಿನ ಮುದ್ರಣದಲ್ಲಿ ಅವರಿಗಿದ್ದ ಸಾಮರ್ಥ್ಯ ಸುಪ್ರಸಿದ್ಧ; ಮರೆಯಾಗಿದ್ದ ಪ್ಲ್ಯಾಟಿನಂ ಮುದ್ರಣ ವಿಧಾನವನ್ನು ಮತ್ತೆ ಬಳಕೆಗೆ ತಂದವರಲ್ಲಿ ಅವರೊಬ್ಬರು. ಹಿಮದಲ್ಲಿ ಆಡುತ್ತಿರುವ ಆಮಿಶ್ ಮಕ್ಕಳನ್ನು ಕುರಿತ ಅವರ 1969ರ ಚಿತ್ರವನ್ನು ಮೇಲಿನ ಕ್ಯಾಲೆಂಡರಿನ ಮಾದರಿಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಹೊಳೆಯುತ್ತದೆ. ಅಲ್ಲಿಯೂ ಬಿಳಿಯ ನೆಲವಿದೆ, ಕಪ್ಪು ಉಡುಪುಗಳಿವೆ. ಆದರೆ ಇರುವವರು ಹಲವರು; ಅವರು ಯಾವುದರ ಸಂಕೇತವಾಗಿಯೂ ನಿಂತಿಲ್ಲ, ಆಡುತ್ತಿದ್ದಾರೆ. ನೋಡುಗನಿಗೆ ಅವರ ಗಮನ ಸಿಗುವುದಿಲ್ಲ. ಅದು ಆಟದ ಮೇಲಿದೆ. ಟೈಸ್ ಅವರ ಎಲ್ಲ ಆಮಿಶ್ ಚಿತ್ರಗಳೂ ಈ ಮಟ್ಟದವೆಂದು ಹೇಳಲಾರೆ. ಗ್ರಂಥದ ಶೀರ್ಷಿಕೆಯಲ್ಲಿನ 'ಶಾಂತಿಯ ಹೊಲಗಳು' ಎಂಬ ಭಾವವೇ ಹೊರಗಿನವನ ಹಂಬಲದಿಂದ ಹುಟ್ಟಿದ್ದು. ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕಕ್ಕೆ ಅಂತಹದೊಂದು ಹೊಲ ಬೇಕಾಗಿತ್ತು.

ಆಮಿಶರದೇ ಆದ ಚಳಿಗಾಲದ ಚಿತ್ರವೊಂದಿದೆ ಎಂಬ ವಿಷಯ ಛಾಯಾಗ್ರಹಣದ ಚರ್ಚೆಗಳಲ್ಲಿ ಬರುವುದಿಲ್ಲ. ಅನಾಬ್ಯಾಪ್ಟಿಸ್ಟ್ ಹುತಾತ್ಮರ ಚರಿತ್ರೆಗಳ ಬೃಹತ್ ಸಂಕಲನವಾದ 'ಹುತಾತ್ಮರ ದರ್ಪಣ' ಡಚ್ ಭಾಷೆಯಲ್ಲಿ 1660ರಲ್ಲಿ ಪ್ರಕಟವಾಯಿತು. ಅದರ ಜರ್ಮನ್ ಅನುವಾದವು 1748ರಲ್ಲಿ ಲ್ಯಾಂಕಸ್ಟರ್ ಕೌಂಟಿಯ ಎಫ್ರಾಟಾ ಎಂಬಲ್ಲಿಯೇ ಮುದ್ರಣಗೊಂಡಿತು. ಆಮಿಶ್ ಮನೆಗಳಲ್ಲಿ ಬೈಬಲಿನ ಪಕ್ಕದಲ್ಲಿ ಕಾಣಸಿಗುವ ಗ್ರಂಥ ಇದು. 1685ರ ಡಚ್ ಆವೃತ್ತಿಗೆ ಯಾನ್ ಲೌಕನ್ ಎಂಬ ಕಲಾವಿದನು ನೂರಕ್ಕೂ ಹೆಚ್ಚು ತಾಮ್ರದ ಕೆತ್ತನೆಯ ಚಿತ್ರಗಳನ್ನು ರಚಿಸಿದ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಡಿರ್ಕ್ ವಿಲ್ಲೆಮ್ಸ್‌ನ ಚಿತ್ರ. ನೆದರ್ಲೆಂಡಿನ ಆಸ್ಪರನ್ ಎಂಬ ಊರಿನಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಅವನು ತೆಳುವಾದ ಮಂಜುಗಡ್ಡೆಯನ್ನು ದಾಟಿ ಪಾರಾದ. ಬೆನ್ನಟ್ಟಿದವನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ. ಡಿರ್ಕ್ ಹಿಂದಿರುಗಿ ಬಂದು ಅವನನ್ನು ಮೇಲೆತ್ತಿದ, ಮತ್ತೆ ಸೆರೆಯಾದ, 1569ರ ಮೇ ತಿಂಗಳಲ್ಲಿ ಅವನನ್ನು ಜೀವಂತವಾಗಿ ಸುಡಲಾಯಿತು. ಲೌಕನ್ ಚಿತ್ರಿಸಿರುವುದು ಎರಡೂ ಕೈಗಳನ್ನು ಮುಂದೆ ಚಾಚಿ ಬಾಗಿದ ಮನುಷ್ಯನನ್ನು, ಒಡೆದ ಮಂಜುಗಡ್ಡೆಯನ್ನು. ಚಿತ್ರವನ್ನೇ ಒಪ್ಪದವರೆಂದು ನಾವು ತಿಳಿದಿರುವ ಜನ ಈ ಚಿತ್ರವನ್ನು ತಲೆತಲಾಂತರದಿಂದ ನೋಡುತ್ತ ಬಂದಿದ್ದಾರೆ. ಅಲ್ಲಿ ಚಳಿಗಾಲವು ಹಿನ್ನೆಲೆಯ ಸೊಬಗಲ್ಲ. ಕ್ರಿಯೆಯನ್ನು ಸಾಧ್ಯವಾಗಿಸುವ, ಮನುಷ್ಯನ ಭಾರವನ್ನು ಹೊರಲಾರದ ಒಂದು ವಸ್ತು. ಬಿಳಿಯ ವಿಸ್ತಾರದ ಯಾವ ಛಾಯಾಚಿತ್ರದಲ್ಲಿಯೂ ನನಗೆ ಆ ಭಾರದ ಅರಿವು ಆಗಿಲ್ಲ.

ಹಾಗೆಂದು ಕ್ಯಾಮೆರಾ ಆಮಿಶರಿಗೆ ಯಾವಾಗಲೂ ಹೊರೆಯೇ ಆಗಿದೆಯೆಂದು ಹೇಳುವಂತಿಲ್ಲ. 1965ರ ನವೆಂಬರಿನಲ್ಲಿ, ಚಳಿಗಾಲದ ಹೊಸ್ತಿಲಲ್ಲಿ, ಅಯೋವಾ ರಾಜ್ಯದ ಬುಕ್ಯಾನನ್ ಕೌಂಟಿಯಲ್ಲಿ ಆಮಿಶ್ ಮಕ್ಕಳನ್ನು ಸರ್ಕಾರಿ ಶಾಲೆಗೆ ಬಲವಂತವಾಗಿ ಕರೆದೊಯ್ಯಲು ಅಧಿಕಾರಿಗಳು ಬಂದಾಗ ಮಕ್ಕಳು ಒಣಗಿದ ಜೋಳದ ಹೊಲದತ್ತ ಓಡಿದರು. ಪತ್ರಿಕಾ ಛಾಯಾಗ್ರಾಹಕರು ತೆಗೆದ ಆ ಚಿತ್ರ ದೇಶದಾದ್ಯಂತ ಪ್ರಕಟವಾಗಿ ಸಾರ್ವಜನಿಕ ಅಭಿಪ್ರಾಯವನ್ನು ಆಮಿಶರ ಕಡೆಗೆ ತಿರುಗಿಸಿತು. 1967ರಲ್ಲಿ ಅಯೋವಾದ ಶಾಸನಸಭೆ ಅವರಿಗೆ ವಿನಾಯಿತಿ ನೀಡಿತು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವಿರುದ್ಧದ ಯೋಡರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಟನೆಯ ತರಗತಿಯ ನಂತರದ ಕಡ್ಡಾಯ ಶಿಕ್ಷಣದಿಂದ ಅವರನ್ನು ಮುಕ್ತಗೊಳಿಸಿತು. ಅನುಮತಿ ಕೇಳದೆ ತೆಗೆದ ಚಿತ್ರವದು. ಆದರೂ ಅದರಲ್ಲಿ ಓಡುವ ಕಾಲುಗಳಿವೆ, ಹಿಂದೆ ಬರುವ ಅಧಿಕಾರವಿದೆ, ಒಂದು ದಿನಾಂಕವಿದೆ. ಇದರ ಎದುರಿಗೆ ಇನ್ನೊಂದು ಪ್ರಸಂಗವನ್ನು ಇಡಬೇಕು. ಇದೇ ಅನಾಬ್ಯಾಪ್ಟಿಸ್ಟ್ ಮೂಲದ ಹಟರೈಟ್ ಜನರ ಒಂದು ವಸತಿಯವರು, ಚಾಲನಾ ಪರವಾನಗಿಗೆ ಛಾಯಾಚಿತ್ರ ಕಡ್ಡಾಯವಾದಾಗ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ನಾಲ್ಕು-ಮೂರರ ಬಹುಮತದಿಂದ ಸೋತರು. ಮುಖದ ಚಿತ್ರವು ಅವರಿಗೆ ಕಾನೂನಿನ ಬಾಗಿಲವರೆಗೆ ಹೋಗಬೇಕಾದ ಪ್ರಶ್ನೆ. ಈ ನಡುವೆ ದೀಕ್ಷೆಗೆ ಮುನ್ನಿನ ವಯಸ್ಸಿನ ಕೆಲವು ಆಮಿಶ್ ತರುಣರ ಕೈಯಲ್ಲಿ ಮೊಬೈಲ್ ಕ್ಯಾಮೆರಾಗಳೂ ಕಾಣಿಸಿಕೊಂಡಿವೆ ಎಂಬುದನ್ನು ಸೇರಿಸಿದರೆ, ವಿಷಯ ಹೊರಗಿನವರು ಒಳಗಿನವರು ಎಂಬ ಸರಳ ವಿಭಜನೆಗೆ ಸಿಗದೆಂದು ತಿಳಿಯುತ್ತದೆ.

ಹಾಗಾದರೆ ಹಿಮದ ಚಿತ್ರದಲ್ಲಿ ಯಾವುದನ್ನು ಮೆಚ್ಚಬೇಕು? ಹಿಮವು ಮುಚ್ಚುವಂತೆಯೇ ದಾಖಲಿಸುವ ವಸ್ತುವೂ ಹೌದು. ಅದರ ಮೇಲೆ ನಡೆದದ್ದೆಲ್ಲ ಗುರುತು ಬಿಡುತ್ತದೆ. ಕಿರಿದಾದ ಗಾಡಿಚಕ್ರದ ಎರಡು ಗೆರೆಗಳು, ಅವುಗಳ ನಡುವೆ ಲಾಳದ ಅಚ್ಚುಗಳು, ಪಕ್ಕದಲ್ಲಿ ಕಾರಿನ ಅಗಲವಾದ ಟೈರಿನ ಗುರುತು. ಜಾರದಿರಲೆಂದು ಚಳಿಗಾಲದಲ್ಲಿ ಕುದುರೆಯ ಲಾಳಕ್ಕೆ ಗಡುಸು ಲೋಹದ ಮೊನೆಗಳನ್ನು ಬೆಸೆಯುತ್ತಾರೆ. ಗಟ್ಟಿ ಹಿಮದಲ್ಲಿ ಅವುಗಳ ಚುಕ್ಕೆಗಳೂ ಮೂಡುತ್ತವೆ. ಮನೆಯಿಂದ ಕೊಟ್ಟಿಗೆಗೆ ದಿನಕ್ಕೆ ಎರಡು ಬಾರಿ ಹಾಲು ಕರೆಯಲು ನಡೆದ ಕಾಲುದಾರಿ ಕ್ರಮೇಣ ಕಂದಾಗುತ್ತದೆ. ಹೇಸರಗತ್ತೆಗಳು ಎಳೆಯುವ ಗೊಬ್ಬರದ ಬಂಡಿ ಹಾದುಹೋದ ಹೊಲದಲ್ಲಿ ಬಿಳುಪಿನ ಮೇಲೆ ಕಪ್ಪು ಪಟ್ಟೆ ಉಳಿಯುತ್ತದೆ. ಇವುಗಳಲ್ಲಿ ಯಾರ ಮುಖವೂ ಇಲ್ಲ, ಯಾರೂ ಭಂಗಿ ಕೊಟ್ಟಿಲ್ಲ. ಆದರೆ ದುಡಿಮೆ ಇದೆ, ದಿನದ ಹೊತ್ತು ಇದೆ, ನೆರೆಯ ಕಾರಿನೊಂದಿಗೆ ರಸ್ತೆಯನ್ನು ಹಂಚಿಕೊಂಡ ಸಮಕಾಲೀನತೆ ಇದೆ. ಹೊಸದಾಗಿ ಬಿದ್ದ, ಯಾರೂ ತುಳಿಯದ ಹಿಮಕ್ಕಾಗಿ ಕಾಯುವ ಛಾಯಾಗ್ರಾಹಕನಿಗಿಂತ ಮೂರು ದಿನ ಹಳೆಯ ಹಿಮದ ಬಳಿಗೆ ಹೋಗುವವನ ಮೇಲೆ ನನಗೆ ಹೆಚ್ಚು ವಿಶ್ವಾಸ.

ಬಟ್ಟೆ ಒಣಗಿಸುವ ತಂತಿಯ ಉದಾಹರಣೆಯೂ ಇಂಥದೇ. ಸೋಮವಾರ ಒಗೆತದ ದಿನ. ಮನೆಯಿಂದ ಕೊಟ್ಟಿಗೆಯ ಮೇಲ್ತುದಿಗೆ ರಾಟೆಯ ಮೇಲೆ ಎಳೆದ ಉದ್ದನೆಯ ತಂತಿಯಲ್ಲಿ ಚಳಿಗಾಲದಲ್ಲಿಯೂ ಬಟ್ಟೆಗಳನ್ನು ಹಾಕುತ್ತಾರೆ. ಅವು ಮರದ ಹಲಗೆಯಂತೆ ಸೆಟೆದು ನಿಲ್ಲುತ್ತವೆ. ಅಪ್ಪನ ಕಪ್ಪು ಷರಾಯಿಯಿಂದ ಹಿಡಿದು ಕೂಸಿನ ಅಂಗಿಯವರೆಗೆ, ನೇರಳೆ, ನೀಲಿ, ಹಸಿರು ಉಡುಪುಗಳನ್ನು ಎಣಿಸಿದರೆ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ವಯಸ್ಸಿನವರು ಎಂಬುದು ತಿಳಿಯುತ್ತದೆ. ಇದನ್ನು ಕುಟುಂಬದ ಭಾವಚಿತ್ರವೆಂದೇ ಕರೆಯಬಹುದು. ಅಷ್ಟೇ ಕಾರಣಕ್ಕೆ ಇದರ ಚಿತ್ರ ತೆಗೆಯುವವನಿಗೆ ಸಂಕೋಚವೂ ಇರಬೇಕಾಗುತ್ತದೆ. ರಸ್ತೆಯಿಂದ ಕಾಣುವುದೆಲ್ಲ ರಸ್ತೆಗೆ ಸೇರಿದ್ದಲ್ಲ. ಇನ್ನು ಹೊಗೆಸೊಪ್ಪು ಬಿಡಿಸುವ ಕೋಣೆಯ ವಿಷಯ. ಬೇಸಿಗೆಯ ಕೊನೆಯಲ್ಲಿ ಕೊಯ್ದು ಗಾಳಿಕಿಂಡಿಗಳ ಕೊಟ್ಟಿಗೆಯಲ್ಲಿ ನೇತುಹಾಕಿದ ಸೊಪ್ಪನ್ನು ಚಳಿಗಾಲದಲ್ಲಿ ತೇವವಿರುವ ನೆಲಮಾಳಿಗೆಗೆ ತಂದು, ಇಡೀ ಕುಟುಂಬ ಒಟ್ಟಿಗೆ ಕುಳಿತು ಕಾಂಡದಿಂದ ಎಲೆ ಬಿಡಿಸಿ, ದರ್ಜೆ ಮಾಡಿ ಕಟ್ಟುತ್ತದೆ. ಈ ಬೆಳೆ ಈಗ ಮೊದಲಿನಷ್ಟಿಲ್ಲ. ಹೊರಗೆ ಹಿಮ ಬೀಳುವಾಗ ಒಳಗೆ ನಡೆಯುವ ಈ ಕೆಲಸವೇ ಲ್ಯಾಂಕಸ್ಟರಿನ ಹಳೆಯ ಚಳಿಗಾಲದ ನಡುಮನೆ. ರಸ್ತೆಬದಿಯ ಕ್ಯಾಮೆರಾಕ್ಕೆ ಅದು ಎಟಕುವುದೇ ಇಲ್ಲ.

ಗ್ರಂಥಾಲಯಗಳಲ್ಲಿ ಇಂತಹ ಚಿತ್ರಗಳನ್ನು ಸಂಗ್ರಹಿಸಿ ಸೂಚಿ ಮಾಡುವವರು ಗಮನಿಸಬೇಕಾದ ಅಂಶ ಇಲ್ಲಿಯೇ ಬರುತ್ತದೆ. 'ಆಮಿಶ್ ಚಳಿಗಾಲ' ಎಂಬಷ್ಟೇ ಶೀರ್ಷಿಕೆ ಹೊತ್ತ ಚಿತ್ರದಿಂದ ಸಂಶೋಧಕನಿಗೆ ಪ್ರಯೋಜನವಿಲ್ಲ. ಕೌಂಟಿ, ವರ್ಷ, ತಿಂಗಳು, ಗಾಡಿಯ ಛಾವಣಿಯ ಬಣ್ಣ, ತ್ರಿಕೋನ ಫಲಕ ಇದೆಯೋ ಇಲ್ಲವೋ, ಚಿತ್ರವು ಸಾರ್ವಜನಿಕ ರಸ್ತೆಯಿಂದ ತೆಗೆದದ್ದೋ ಮನೆಯವರ ಒಪ್ಪಿಗೆಯಿಂದ ಅಂಗಳದೊಳಗೆ ತೆಗೆದದ್ದೋ ಎಂಬ ವಿವರಗಳಿದ್ದರೆ ಮುಖವಿಲ್ಲದ ಚಿತ್ರವೂ ಚರಿತ್ರೆಯ ಆಕರವಾಗುತ್ತದೆ. ಟೈಸ್ ತಮ್ಮ ಚಿತ್ರಗಳ ಹೆಸರಿನೊಂದಿಗೆ ಊರನ್ನೂ ವರ್ಷವನ್ನೂ ತಪ್ಪದೆ ನಮೂದಿಸಿದರು. ಅದರಿಂದಾಗಿ 1969ರಲ್ಲಿ ಲ್ಯಾಂಕಸ್ಟರಿನ ಹಿಮದಲ್ಲಿ ಆಡುತ್ತಿದ್ದ ಆ ಮಕ್ಕಳಿಗೆ ಈಗ ಅರವತ್ತು ದಾಟಿದೆಯೆಂದು ನಾವು ಲೆಕ್ಕ ಹಾಕಬಹುದು. ಅವರಲ್ಲಿ ಎಷ್ಟು ಮಂದಿಗೆ ಬೇಸಾಯಕ್ಕೆ ನೆಲ ಸಿಕ್ಕಿತು, ಎಷ್ಟು ಮಂದಿ ಬಡಗಿಗಳಾದರು, ಎಷ್ಟು ಮಂದಿ ಅಗ್ಗದ ನೆಲ ಹುಡುಕಿಕೊಂಡು ಬೇರೆ ರಾಜ್ಯಗಳಿಗೆ ಹೋದರು ಎಂದು ಕೇಳಬಹುದು.